ಕಲೆಯನ್ನು ಅದರ ಹೆಸರಿನಿಂದಲೇ ಕರೆಯೋಣ: ಚಿತ್ರ, ಸಂಗೀತ, ನೃತ್ಯ ಮತ್ತು ರಂಗಭೂಮಿಯ ಮೂಲ ಪದಗಳು

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)



ಸಂವಿಧಾನದ 73ನೆಯ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯಿದೆ. ಕುಡಿಯುವ ನೀರು ಅದರಲ್ಲಿ 11ನೆಯದು, ಗ್ರಂಥಾಲಯ 20ನೆಯದು, ಸಾಂಸ್ಕೃತಿಕ ಚಟುವಟಿಕೆಗಳು 21ನೆಯದು. ನೀರು ಮತ್ತು ರಸ್ತೆಯ ಬಗೆಗೆ ನಮ್ಮ ಸಭೆಗಳಲ್ಲಿ ನಿಖರವಾದ ಮಾತು ನಡೆಯುತ್ತದೆ. ಕೊಳವೆಬಾವಿಯ ಆಳವೆಷ್ಟು, ಪೈಪಿನ ಅಳತೆಯೆಷ್ಟು ಎಂಬುದನ್ನು ಸದಸ್ಯರು ಬಾಯಲ್ಲೇ ಹೇಳಬಲ್ಲರು. ಆದರೆ ಕಲೆಯ ವಿಷಯ ಬಂದಾಗ ಬಹುತೇಕ ಠರಾವುಗಳು “ಸಾಂಸ್ಕೃತಿಕ ಕಾರ್ಯಕ್ರಮ” ಎಂಬ ಒಂದೇ ಪದದಲ್ಲಿ ಮುಗಿದುಹೋಗುತ್ತವೆ.

ಇದರಿಂದ ಆಗುವ ನಷ್ಟವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಮೂಡಲಪಾಯ ಮೇಳದಲ್ಲಿ ಜೀವಮಾನವಿಡೀ ಮುಖವೀಣೆ ನುಡಿಸಿದ ಹಿರಿಯರೊಬ್ಬರು ಕಲಾವಿದರ ಮಾಸಾಶನಕ್ಕೆ ಅರ್ಜಿ ಸಲ್ಲಿಸಲು ಪಂಚಾಯತಿಯಿಂದ ಪತ್ರ ಕೇಳುತ್ತಾರೆ. ಪತ್ರದಲ್ಲಿ “ಸದರಿಯವರು ವೀಣಾ ವಾದಕರಾಗಿದ್ದು, ಉತ್ತಮ ಕಲಾವಿದರಾಗಿರುತ್ತಾರೆ” ಎಂದು ಬರೆಯಲಾಗುತ್ತದೆ. ಬರೆದವರ ಉದ್ದೇಶ ಒಳ್ಳೆಯದೇ. ಆದರೆ ಮುಖವೀಣೆಯು ವೀಣೆಯಲ್ಲ; ಅದು ಬಾಯಿಂದ ಊದುವ ವಾದ್ಯ. ಪತ್ರವನ್ನು ಓದಿದವರು ಅರ್ಜಿದಾರರನ್ನು ಶಾಸ್ತ್ರೀಯ ಸಂಗೀತದವರೆಂದು ಭಾವಿಸುತ್ತಾರೆ. ಸಂದರ್ಶನದಲ್ಲಿ ಪ್ರಶ್ನೆ ಒಂದು, ಉತ್ತರ ಮತ್ತೊಂದು ಆಗುತ್ತದೆ. ಕಡತ ಹಿಂದಿರುಗುತ್ತದೆ. ಎಪ್ಪತ್ತು ದಾಟಿದವರಿಗೆ ಒಂದು ವರ್ಷದ ವಿಳಂಬವೆಂದರೆ ಸಣ್ಣ ಮಾತಲ್ಲ.

ಸದಸ್ಯರೆಲ್ಲರೂ ಕಲಾವಿಮರ್ಶಕರಾಗಬೇಕೆಂಬುದು ಈ ಪಾಠದ ಉದ್ದೇಶವಲ್ಲ. ತಮ್ಮ ಊರಿನಲ್ಲಿ ಏನಿದೆಯೋ ಅದನ್ನು ಸರಿಯಾದ ಹೆಸರಿನಿಂದ ಗುರುತಿಸಿ, ದಾಖಲಿಸಿ, ಕಾಪಾಡಲು ಬೇಕಾದಷ್ಟು ಪದಗಳನ್ನು ಇಲ್ಲಿ ಕೊಡಲಾಗಿದೆ. ಇವುಗಳಲ್ಲಿ ಹಲವನ್ನು ತಾವು ಬಾಲ್ಯದಿಂದಲೂ ಬಲ್ಲಿರಿ. ಅವುಗಳ ಅರ್ಥವನ್ನು ಗಟ್ಟಿಗೊಳಿಸಿಕೊಳ್ಳುವುದಷ್ಟೇ ಇಲ್ಲಿನ ಕೆಲಸ.

1. ದೃಶ್ಯಕಲೆ

ಕಣ್ಣಿನಿಂದ ನೋಡಿ ಅನುಭವಿಸುವ ಕಲೆಗಳು ದೃಶ್ಯಕಲೆಗಳು. ಚಿತ್ರ, ಶಿಲ್ಪ, ರಂಗೋಲಿ, ಕಸೂತಿ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಮೂಲ ಪದಗಳು ಐದು.

ರೇಖೆ: ಗೆರೆ. ನೇರ, ಬಾಗಿದ, ಅಂಕುಡೊಂಕಾದ ಗೆರೆಗಳು.
ಆಕಾರ: ರೇಖೆಗಳು ಕೂಡಿ ಆವರಿಸಿದ ರೂಪ.
ವರ್ಣ: ಬಣ್ಣ. ಯಾವ ಬಣ್ಣ ಎಂಬುದರ ಜೊತೆಗೆ ಯಾವ ವಸ್ತುವಿನಿಂದ ಮಾಡಿದ್ದು ಎಂಬುದೂ ಮುಖ್ಯ.
ಪ್ರಮಾಣ: ಒಂದು ಭಾಗಕ್ಕೂ ಇನ್ನೊಂದು ಭಾಗಕ್ಕೂ ಇರುವ ಅಳತೆಯ ಸಂಬಂಧ.
ಸಂಯೋಜನೆ: ಇವೆಲ್ಲವನ್ನೂ ಒಂದು ಜಾಗದಲ್ಲಿ ಹೊಂದಿಸಿದ ಬಗೆ.

ಮುಂಜಾನೆ ಅಂಗಳದಲ್ಲಿ ಬಿಡಿಸುವ ಚುಕ್ಕಿ ರಂಗೋಲಿಯನ್ನು ಗಮನಿಸಿರಿ. ಚುಕ್ಕಿಗಳ ಲೆಕ್ಕ ಪ್ರಮಾಣವನ್ನು ನಿಶ್ಚಯಿಸುತ್ತದೆ, ಎಳೆ ರೇಖೆಯಾಗುತ್ತದೆ, ಎಡಬಲಗಳು ಸಮವಾಗಿ ಕೂತಾಗ ಸಂಯೋಜನೆ ಪೂರ್ಣವಾಗುತ್ತದೆ. ರಂಗೋಲಿ ಹಾಕುವ ಹೆಣ್ಣುಮಗಳು ಈ ಪದಗಳನ್ನು ಬಳಸದಿರಬಹುದು. ವಿದ್ಯೆ ಮಾತ್ರ ಅವಳ ಕೈಯಲ್ಲಿದೆ.

ಸಾಗರ, ಸೊರಬ ಭಾಗದ ದೀವರ ಮಹಿಳೆಯರು ಬರೆಯುವ ಚಿತ್ತಾರ ಇನ್ನೊಂದು ಉತ್ತಮ ನಿದರ್ಶನ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳು. ಸುಟ್ಟ ಅಕ್ಕಿಯಿಂದ ಕಪ್ಪು. ಗುರಿಗೆ ಬೀಜದಿಂದ ಹಳದಿ. ಕುಂಚಕ್ಕೆ ಪುಂಡಿ ನಾರು. ಪೇಟೆಯ ಬಣ್ಣದಿಂದ ಅದೇ ವಿನ್ಯಾಸವನ್ನು ಸಿಮೆಂಟು ಗೋಡೆಯ ಮೇಲೆ ಬರೆಸಿದರೆ ಆಕಾರ ಉಳಿಯುತ್ತದೆ. ಆದರೆ ಬಣ್ಣ ಮಾಡುವ ತಿಳಿವಳಿಕೆ ಉಳಿಯುವುದಿಲ್ಲ. ಆದುದರಿಂದ ದಾಖಲೆಯಲ್ಲಿ ವಿನ್ಯಾಸದ ಹೆಸರಿನೊಂದಿಗೆ ಬಳಸಿದ ವಸ್ತುವನ್ನೂ ಬರೆಯತಕ್ಕದ್ದು.

ಗೋಡೆಯ ಮೇಲಿನ ಚಿತ್ರಕ್ಕೆ ಭಿತ್ತಿಚಿತ್ರವೆಂದು ಹೆಸರು. ತುಮಕೂರು ಜಿಲ್ಲೆಯ ಸೀಬಿಯ ನರಸಿಂಹಸ್ವಾಮಿ ದೇವಾಲಯದಲ್ಲಿಯೂ, ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿಯೂ ಪ್ರಸಿದ್ಧ ಭಿತ್ತಿಚಿತ್ರಗಳಿವೆ. ಕರಾವಳಿಯ ಕಾವಿ ಕಲೆ ಇದಕ್ಕಿಂತ ಭಿನ್ನ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪವನ್ನು ಕೊಟ್ಟು, ಹಸಿಯಾಗಿರುವಾಗಲೇ ಬೇಕಾದೆಡೆ ಕೆರೆದು ಕೆಳಗಿನ ಬಿಳಿಯನ್ನು ಕಾಣಿಸುವ ವಿಧಾನವದು. ಕಾವಿ ಗೋಡೆಯು ಮೇಲ್ನೋಟಕ್ಕೆ ಮಾಸಿದ ಹಳೆಯ ಗೋಡೆಯಂತೆ ಕಾಣುವುದರಿಂದ, ಜಾತ್ರೆಯ ಮುನ್ನ “ಸ್ವಚ್ಛಗೊಳಿಸಿ ಬಣ್ಣ ಬಳಿಯುವುದು” ಎಂಬ ಒಂದು ಸಾಲಿನ ತೀರ್ಮಾನವೇ ಅದನ್ನು ಶಾಶ್ವತವಾಗಿ ಅಳಿಸಿಬಿಡಬಲ್ಲದು.

ಶಿಲ್ಪದಲ್ಲಿ ಎರಡು ಪದಗಳು ಸಾಕು. ಕಲ್ಲಿನ ಹಿನ್ನೆಲೆಗೆ ಅಂಟಿಕೊಂಡು ಮುಂದಕ್ಕೆ ಉಬ್ಬಿ ನಿಂತದ್ದು ಉಬ್ಬುಶಿಲ್ಪ. ಸುತ್ತಲೂ ತಿರುಗಿ ನೋಡಬಹುದಾದದ್ದು ದುಂಡು ಶಿಲ್ಪ. ನಮ್ಮ ಅನೇಕ ಹಳ್ಳಿಗಳಲ್ಲಿರುವ ಅತ್ಯಂತ ಹಳೆಯ ಉಬ್ಬುಶಿಲ್ಪವೆಂದರೆ ವೀರಗಲ್ಲು. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣಗಳಿರುತ್ತವೆ. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಮಡಿದ ವೀರ ಯಾರೆಂಬ ಶಾಸನವೂ ಕೆಲವೊಮ್ಮೆ ಇರುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನ ಹತ್ತನೆಯ ಶತಮಾನದ ಕಲ್ಲು ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯನ್ನು ಸ್ಮರಿಸುತ್ತದೆ. ಅದು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮೇಲಕ್ಕೆತ್ತಿದ ಕೈಯುಳ್ಳ ಕಲ್ಲು ಮಾಸ್ತಿಕಲ್ಲು. ಚರಂಡಿಯ ಹಾಸಾಗಿಯೋ ಬಟ್ಟೆ ಒಗೆಯುವ ಬಂಡೆಯಾಗಿಯೋ ಬಳಕೆಯಾಗುತ್ತಿರುವ ಇಂತಹ ಕಲ್ಲು ಕಂಡುಬಂದಲ್ಲಿ, ಸ್ಥಳಾಂತರಿಸುವ ಮುನ್ನ ಭಾವಚಿತ್ರ ತೆಗೆಸಿ ಪುರಾತತ್ವ ಇಲಾಖೆಗೆ ತಿಳಿಸುವುದು ಕ್ರಮ. ಎಣ್ಣೆಬಣ್ಣ ಬಳಿಯುವುದು, ಆಮ್ಲದಿಂದ ತೊಳೆಯುವುದು ಸಲ್ಲದು.

2. ಸಂಗೀತ

ಶ್ರುತಿ: ಹಾಡಿಗೆ ಆಧಾರವಾದ ನಾದ. ತಂಬೂರಿಯೋ ಏಕತಾರಿಯೋ ಬಿಡದೆ ಮಿಡಿಯುವುದು ಇದನ್ನೇ.
ಸ್ವರ: ಸ, ರಿ, ಗ, ಮ, ಪ, ದ, ನಿ ಎಂಬ ಏಳು. ಇವುಗಳಲ್ಲಿ ಸ ಮತ್ತು ಪ ಬದಲಾಗುವುದಿಲ್ಲ. ಉಳಿದವುಗಳಿಗೆ ಹೆಚ್ಚುಕಡಿಮೆ ಎತ್ತರದ ಭೇದಗಳಿವೆ.
ಆರೋಹಣ, ಅವರೋಹಣ: ಸ್ವರಗಳು ಏರುವ ಮತ್ತು ಇಳಿಯುವ ಕ್ರಮ.
ರಾಗ: ಆಯ್ದ ಸ್ವರಗಳಿಂದ, ಅವುಗಳ ನಡೆಯಿಂದ ಮೂಡುವ ವಿಶಿಷ್ಟ ಸ್ವರೂಪ.
ಲಯ: ಸಮಯದ ಗತಿ. ವಿಳಂಬ, ಮಧ್ಯ, ದ್ರುತ ಎಂದು ಮೂರು ವೇಗಗಳು.
ತಾಳ: ಲಯವನ್ನು ಎಣಿಕೆಯಲ್ಲಿ ಕಟ್ಟಿದ ಚೌಕಟ್ಟು.

ತಾಳವನ್ನು ಓದಿ ಅರಿಯುವುದಕ್ಕಿಂತ ಕೈಯಿಂದ ಹಾಕಿ ಅರಿಯುವುದು ಸುಲಭ. ಆದಿತಾಳಕ್ಕೆ ಎಂಟು ಎಣಿಕೆ. ತೊಡೆಯ ಮೇಲೆ ಒಂದು ಪೆಟ್ಟು, ಬಳಿಕ ಕಿರುಬೆರಳಿನಿಂದ ಆರಂಭಿಸಿ ಮೂರು ಬೆರಳೆಣಿಕೆ, ಒಟ್ಟು ನಾಲ್ಕು. ಆಮೇಲೆ ಪೆಟ್ಟು ಮತ್ತು ಕೈ ತಿರುವು, ಪುನಃ ಪೆಟ್ಟು ಮತ್ತು ಕೈ ತಿರುವು. ಇಷ್ಟಕ್ಕೆ ಒಂದು ಆವರ್ತ. ಹಿಂದೂಸ್ಥಾನಿ ಪದ್ಧತಿಯ ತೀನ್ ತಾಲ್‌ಗೆ ಹದಿನಾರು ಮಾತ್ರೆಗಳು.

ದಕ್ಷಿಣದ ಕರ್ನಾಟಕ ಸಂಗೀತ, ಉತ್ತರದ ಹಿಂದೂಸ್ಥಾನಿ ಸಂಗೀತ ಇವೆರಡೂ ನಮ್ಮ ರಾಜ್ಯದಲ್ಲಿ ಬೇರುಬಿಟ್ಟಿರುವುದು ನಮ್ಮ ಭಾಗ್ಯ. ಪುರಂದರದಾಸರನ್ನು ಕರ್ನಾಟಕ ಸಂಗೀತದ ಪಿತಾಮಹರೆಂದು ಗೌರವಿಸಲಾಗುತ್ತದೆ. ಮಕ್ಕಳು ಇಂದಿಗೂ ಮೊದಲ ಪಾಠವನ್ನು ಮಾಯಾಮಾಳವಗೌಳ ರಾಗದಲ್ಲಿ ಕಲಿಯುತ್ತಾರೆ. ಧಾರವಾಡದ ಸೀಮೆಯು ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರಂತಹ ಹಿಂದೂಸ್ಥಾನಿ ಗಾಯಕರನ್ನು ನೀಡಿತು. ಎರಡು ಪದ್ಧತಿಗಳಲ್ಲಿ ಒಂದೇ ಸ್ವರಗಳ ರಾಗಕ್ಕೆ ಬೇರೆ ಹೆಸರಿರುವುದುಂಟು. ಇಲ್ಲಿನ ಮೋಹನಕ್ಕೂ ಅಲ್ಲಿನ ಭೂಪಕ್ಕೂ ಐದೇ ಸ್ವರಗಳು, ಅವೇ ಐದು.

ಜನಪದ ಗಾಯಕರು ರಾಗ ಎನ್ನುವ ಬದಲು ಧಾಟಿ ಅಥವಾ ಮಟ್ಟು ಎನ್ನುತ್ತಾರೆ. ಮುಂದಾಳು ಹಾಡಿದ ಮೇಲೆ ಹಿಮ್ಮೇಳದವರು ಮತ್ತೆ ಮತ್ತೆ ಹಾಡುವ ಸಾಲು ಸೊಲ್ಲು. ಬೀಸುವ ಪದ, ಸೋಬಾನೆ ಪದ, ತತ್ವಪದ, ಗೀಗೀ ಪದ, ಲಾವಣಿ ಇವು ಒಂದೊಂದೂ ಬೇರೆ ಬೇರೆ ಪ್ರಕಾರಗಳು. ಠರಾವಿನಲ್ಲಿ ಎಲ್ಲವನ್ನೂ “ಜಾನಪದ ಗೀತೆ” ಎಂದು ಬರೆದರೆ ತಪ್ಪಲ್ಲ. ಆದರೆ “ಬೆಳೆ” ಎಂದಷ್ಟೇ ಬರೆದು ರಾಗಿಯೋ ಜೋಳವೋ ಎಂದು ಹೇಳದಿದ್ದಂತೆ ಆಗುತ್ತದೆ.

ವಾದ್ಯಗಳನ್ನು ನಾಟ್ಯಶಾಸ್ತ್ರದ ಕಾಲದಿಂದಲೂ ನಾಲ್ಕಾಗಿ ವಿಂಗಡಿಸಲಾಗಿದೆ. ಈ ವಿಂಗಡಣೆಯನ್ನು ಸದಸ್ಯರು ನೆನಪಿನಲ್ಲಿಡಬೇಕೆಂದು ಕೋರಲಾಗಿದೆ.

ತತ: ತಂತಿಯನ್ನು ಮಿಡಿಯುವ ವಾದ್ಯ. ತಂಬೂರಿ, ಏಕತಾರಿ, ಕಿನ್ನರಿ, ತುಂತುಣಿ, ಚೌಡಿಕೆ.
ಸುಷಿರ: ಗಾಳಿಯಿಂದ ನುಡಿಯುವ ವಾದ್ಯ. ಕೊಳಲು, ಮುಖವೀಣೆ, ಶಹನಾಯಿ, ನಾಗಸ್ವರ, ಕೊಂಬು, ಕಹಳೆ.
ಅವನದ್ಧ: ಚರ್ಮ ಬಿಗಿದ ವಾದ್ಯ. ಡೊಳ್ಳು, ತಮಟೆ, ನಗಾರಿ, ಚಂಡೆ, ಮದ್ದಳೆ, ಉರುಮೆ.
ಘನ: ಗಟ್ಟಿ ವಸ್ತುವನ್ನು ಬಡಿದು ನುಡಿಸುವ ವಾದ್ಯ. ತಾಳ, ಜಾಗಟೆ, ಕಂಸಾಳೆ, ಗೆಜ್ಜೆ.

ಹೆಸರು ಮೋಸಗೊಳಿಸಬಹುದು; ನಾದ ಹುಟ್ಟುವ ಬಗೆ ಮೋಸಗೊಳಿಸುವುದಿಲ್ಲ. ನಾದ ಎಲ್ಲಿಂದ ಹುಟ್ಟುತ್ತದೆ, ತಂತಿಯಿಂದಲೋ, ಗಾಳಿಯಿಂದಲೋ, ಚರ್ಮದಿಂದಲೋ, ಲೋಹದಿಂದಲೋ ಎಂದು ಕೇಳಿದರೆ ಸಾಕು, ಮುಖವೀಣೆಯ ಸ್ಥಾನ ತಾನಾಗಿ ತಿಳಿಯುತ್ತದೆ. ಚರ್ಮ ಹದ ಮಾಡುವವರು, ವಾದ್ಯ ತಯಾರಿಸುವವರು, ದುರಸ್ತಿ ಮಾಡುವವರು ಯಾರೆಂಬುದನ್ನೂ ಇಲ್ಲಿಯೇ ಗುರುತಿಸಬೇಕು. ಡೊಳ್ಳು ಕಟ್ಟುವವರಿಲ್ಲದ ಊರಿನಲ್ಲಿ ಡೊಳ್ಳು ಬಾರಿಸುವವರು ಹೆಚ್ಚು ಕಾಲ ಉಳಿಯಲಾರರು.

3. ನೃತ್ಯ

ಶಾಸ್ತ್ರವು ಮೂರು ಪದಗಳನ್ನು ಬೇರ್ಪಡಿಸುತ್ತದೆ. ಕಥೆಯಾಗಲಿ ಭಾವವಾಗಲಿ ಇಲ್ಲದೆ ಕೇವಲ ಲಯಕ್ಕೆ ಹೊಂದಿದ ಅಂಗಚಲನೆ ನೃತ್ತ. ಲಯದೊಂದಿಗೆ ಭಾವವೂ ಸೇರಿದಾಗ ನೃತ್ಯ. ಕಥೆ, ಪಾತ್ರ, ಮಾತುಗಳೂ ಕೂಡಿದಾಗ ನಾಟ್ಯ.

ಡೊಳ್ಳು ಕುಣಿತದಲ್ಲಿ ಕುಣಿಯುವವರು ಸುತ್ತು ಕಟ್ಟುವುದು, ಸಾಲು ಬದಲಿಸುವುದು, ಒಬ್ಬರ ಮೇಲೊಬ್ಬರು ನಿಲ್ಲುವುದು ಹೆಚ್ಚಾಗಿ ನೃತ್ತವೇ. ವೀರಗಾಸೆಯಲ್ಲಿ ಕುಣಿತದ ನಡುವೆ ಒಡಪು ಹೇಳಿ ವೀರಭದ್ರನ ಕಥೆಯನ್ನು ಭಾವದೊಂದಿಗೆ ನಿರೂಪಿಸುತ್ತಾರೆ. ಕಂಸಾಳೆಯಲ್ಲಿ ಮಲೆಯ ಮಾದಪ್ಪನ ಕಥೆಯನ್ನು ಹಾಡುವುದೂ ಉಂಟು. ಬೀಸು ಕಂಸಾಳೆಯಲ್ಲಿ ಕಂಚಿನ ತಾಳವನ್ನು ಬೀಸಿ ಬಾರಿಸುತ್ತಾ ಕುಣಿಯುವುದೂ ಉಂಟು. ಒಂದು ಕಾರ್ಯಕ್ರಮಕ್ಕೆ ಯಾವುದನ್ನು ಆಹ್ವಾನಿಸುತ್ತಿದ್ದೇವೆ ಎಂಬುದನ್ನು ತಂಡದವರೊಡನೆ ಮೊದಲೇ ಮಾತನಾಡಿಕೊಂಡರೆ ವೇದಿಕೆ, ಸಮಯ, ಧ್ವನಿವರ್ಧಕಗಳ ಗೊಂದಲ ತಪ್ಪುತ್ತದೆ.

ಇತರ ಪದಗಳು: ಹೆಜ್ಜೆ ಎಂದರೆ ಕಾಲಿನ ನಡೆ. ಗತ್ತು ಎಂದರೆ ವಾದ್ಯದಲ್ಲಿ ಮತ್ತು ಕಾಲಿನಲ್ಲಿ ಒಟ್ಟಿಗೆ ಕಾಣುವ ಲಯವಿನ್ಯಾಸ. ಕೈಬೆರಳುಗಳಿಂದ ಅರ್ಥ ಸೂಚಿಸುವುದು ಹಸ್ತ ಅಥವಾ ಮುದ್ರೆ. ಅಭಿನಯದರ್ಪಣ ಗ್ರಂಥವು ಒಂದೇ ಕೈಯ 28 ಹಸ್ತಗಳನ್ನು ಹೆಸರಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಲ್ಲ ಕುಣಿತವೂ ಪ್ರದರ್ಶನವಲ್ಲ. ಕೆಲವು ಆರಾಧನೆಯ ಅಂಗಗಳು. ತುಳುನಾಡಿನ ದೈವಾರಾಧನೆಯು ಅಂಥದ್ದು. ಅವುಗಳಿಗೆ ಕಾಲ, ಸ್ಥಳ, ವ್ರತ, ಹಕ್ಕುಗಳ ಕಟ್ಟುಪಾಡುಗಳಿವೆ. ಮೆರವಣಿಗೆಯ ಅಂದಕ್ಕಾಗಿ ಅವುಗಳನ್ನು ಕರೆಸುವ ತೀರ್ಮಾನವನ್ನು ಸಂಬಂಧಪಟ್ಟ ಸಮುದಾಯವನ್ನು ಕೇಳದೆ ಮಾಡತಕ್ಕದ್ದಲ್ಲ. ಹಾಗೆಯೇ, ತಮಟೆ ಬಾರಿಸುವವರನ್ನು ಹುಟ್ಟಿನ ಬಿಟ್ಟಿ ಚಾಕರಿಯವರೆಂಬಂತೆ ಕರೆಸುವ ಪದ್ಧತಿಗೆ ಪಂಚಾಯತಿಯ ಅಂಗಳದಲ್ಲಿ ಸ್ಥಳವಿಲ್ಲ. ಅವರು ಅವನದ್ಧ ವಾದ್ಯದ ಕಲಾವಿದರು. ಆಹ್ವಾನ ಪತ್ರಿಕೆಯಲ್ಲಿ ಹೆಸರು, ವೇದಿಕೆಯಲ್ಲಿ ಸ್ಥಾನ, ಮುಗಿದ ಮೇಲೆ ಸಂಭಾವನೆ ಇವು ಅವರಿಗೆ ಸಲ್ಲಬೇಕಾದವು.

4. ರಂಗಭೂಮಿ

ಅಭಿನಯವೆಂದರೆ ಪ್ರೇಕ್ಷಕರೆಡೆಗೆ ಭಾವವನ್ನು ಕೊಂಡೊಯ್ಯುವುದು. ಅದು ನಾಲ್ಕು ವಿಧ.

ಆಂಗಿಕ: ದೇಹದ ಚಲನೆಯಿಂದ.
ವಾಚಿಕ: ಮಾತು ಮತ್ತು ಹಾಡಿನಿಂದ.
ಆಹಾರ್ಯ: ವೇಷಭೂಷಣ, ಬಣ್ಣಗಾರಿಕೆ, ರಂಗಸಜ್ಜಿಕೆಗಳಿಂದ.
ಸಾತ್ವಿಕ: ಕಣ್ಣೀರು, ನಡುಕ, ರೋಮಾಂಚನದಂತೆ ಒಳಗಿನ ಭಾವದಿಂದ ಹೊಮ್ಮುವುದು.

ಈ ನಾಲ್ಕನ್ನೂ ಒಟ್ಟಿಗೆ ಕಾಣಲು ಯಕ್ಷಗಾನಕ್ಕಿಂತ ಉತ್ತಮ ನಿದರ್ಶನವಿಲ್ಲ. ಹಾಡುವ ಭಾಗವತರು, ಮದ್ದಳೆ ಮತ್ತು ಚಂಡೆಯವರು ಸೇರಿದರೆ ಹಿಮ್ಮೇಳ, ವೇಷಧಾರಿಗಳು ಮುಮ್ಮೇಳ. ವೇಷ ಕಟ್ಟುವ ಸ್ಥಳ ಚೌಕಿ. ಹಾಡುಗಳ ರೂಪದಲ್ಲಿರುವ ಕಥಾಪಠ್ಯ ಪ್ರಸಂಗ. ಹಾಡಿನ ಬಳಿಕ ಪಾತ್ರಧಾರಿ ಆ ಕ್ಷಣದಲ್ಲಿಯೇ ಕಟ್ಟಿ ಆಡುವ ಮಾತು ಅರ್ಥ. ಈ ಆಟದಿಂದ ವೇಷವನ್ನೂ ಕುಣಿತವನ್ನೂ ತೆಗೆದು, ಕುಳಿತು ಮಾತನಾಡುವಂತೆ ಮಾಡಿದರೆ ಅದು ತಾಳಮದ್ದಳೆ. ಅಲ್ಲಿ ಆಹಾರ್ಯ ಇಲ್ಲ, ಆಂಗಿಕ ಅತ್ಯಲ್ಪ, ವಾಚಿಕವೇ ಸರ್ವಸ್ವ.

ಈ ಮಾತಿನಲ್ಲಿ ಒಂದು ಆಡಳಿತಾತ್ಮಕ ಸತ್ಯವೂ ಅಡಗಿದೆ. ಪ್ರಸಂಗವು ಪುಸ್ತಕದಲ್ಲಿರುತ್ತದೆ, ಅರ್ಥವು ಕಲಾವಿದರ ನಾಲಗೆಯ ಮೇಲಿರುತ್ತದೆ. ಮೇಳದ ಹಿರಿಯ ಅರ್ಥಧಾರಿ ತೀರಿಕೊಂಡರೆ ಪುಸ್ತಕ ಉಳಿಯುತ್ತದೆ, ಅರ್ಥ ಉಳಿಯುವುದಿಲ್ಲ. ಬಯಲುಸೀಮೆಯ ಮೂಡಲಪಾಯ, ಉತ್ತರ ಕರ್ನಾಟಕದ ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತಗಳಿಗೂ ಈ ಎಚ್ಚರ ಅನ್ವಯಿಸುತ್ತದೆ. ಬಾಯಿಂದ ಬಾಯಿಗೆ ಬಂದ ಮಾತು, ಮಟ್ಟು, ಹೆಜ್ಜೆಗಳನ್ನು ಧ್ವನಿ ಮತ್ತು ದೃಶ್ಯದಲ್ಲಿ ಮುದ್ರಿಸಿಕೊಳ್ಳಲು ಇಂದು ಒಂದು ಮೊಬೈಲ್ ಸಾಕು. ಕಲಾವಿದರ ಒಪ್ಪಿಗೆ ಬೇಕು. ತಡಮಾಡದ ಮನಸ್ಸು ಬೇಕು.

ಗೊಂಬೆಯಾಟದಲ್ಲಿ ಸೂತ್ರದ ಗೊಂಬೆ ಮತ್ತು ತೊಗಲುಗೊಂಬೆಗಳನ್ನು ಬೇರೆಯಾಗಿ ಗುರುತಿಸಬೇಕು. ಮೊದಲನೆಯದನ್ನು ದಾರಗಳಿಂದ ಕುಣಿಸಲಾಗುತ್ತದೆ. ಎರಡನೆಯದರಲ್ಲಿ ಬಣ್ಣ ಹಚ್ಚಿದ ಚರ್ಮದ ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದು, ಹಿಂದಿನಿಂದ ಬೆಳಕು ಬಿಡಲಾಗುತ್ತದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದದ್ದು ತೊಗಲುಗೊಂಬೆಯಾಟಕ್ಕಾಗಿ. ರಾಷ್ಟ್ರದ ಗೌರವ ಒಂದು ಗ್ರಾಮವನ್ನು ಹುಡುಕಿಕೊಂಡು ಬರುವುದು ಸಾಧ್ಯವೆಂಬುದಕ್ಕೆ ಇದು ಸಾಕ್ಷಿ.

ಆಧುನಿಕ ರಂಗಭೂಮಿಯ ಪದಗಳನ್ನು ಸಂಕ್ಷೇಪವಾಗಿ ಹೇಳುವುದಾದರೆ: ನಾಟಕವನ್ನು ಬರೆದವರು ನಾಟಕಕಾರರು, ಅದನ್ನು ರಂಗಕ್ಕೆ ತರುವವರು ನಿರ್ದೇಶಕರು, ಪರದೆಯ ಹಿಂದಿನ ಸ್ಥಳ ಮತ್ತು ಕೆಲಸ ನೇಪಥ್ಯ, ಪಾತ್ರಗಳ ನಡುವಿನ ಮಾತು ಸಂಭಾಷಣೆ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯಂತಹ ವೃತ್ತಿ ನಾಟಕ ಮಂಡಳಿಗಳು ಊರೂರು ತಿರುಗಿ ನಾಟಕದ ರುಚಿ ಹತ್ತಿಸಿದವು. ಹೆಗ್ಗೋಡು ಎಂಬ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ರಾಜ್ಯಕ್ಕೇ ರಂಗಶಿಕ್ಷಣ ನೀಡಿತು. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಸುಗ್ಗಿಯ ನಂತರ ನಮ್ಮ ಊರುಗಳಲ್ಲಿ ತಿಂಗಳುಗಟ್ಟಲೆ ತಾಲೀಮು ನಡೆಸಿ ನಾಟಕವಾಡುವ ಯುವಕರು ಇದೇ ಪರಂಪರೆಯ ಮುಂದುವರಿಕೆ. ಹಾರ್ಮೋನಿಯಂ ನುಡಿಸುತ್ತಾ ಅವರಿಗೆ ಹಾಡು, ಮಾತು ಎರಡನ್ನೂ ಕಲಿಸುವ ಪೇಟಿ ಮಾಸ್ತರರೂ ಕಲಾವಿದರ ಪಟ್ಟಿಗೆ ಸೇರತಕ್ಕವರು.

5. ಪದದಿಂದ ದಾಖಲೆಗೆ

ರಾಜ್ಯದಲ್ಲಿ ಲಲಿತಕಲೆ, ಶಿಲ್ಪಕಲೆ, ಸಂಗೀತ ನೃತ್ಯ, ನಾಟಕ, ಜಾನಪದ, ಯಕ್ಷಗಾನ, ಬಯಲಾಟಗಳಿಗೆ ಪ್ರತ್ಯೇಕ ಅಕಾಡೆಮಿಗಳಿವೆ. ಕಲೆಯ ಹೆಸರು ಸರಿಯಾದರೆ ಅರ್ಜಿಯ ದಾರಿಯೂ ಸರಿಯಾಗುತ್ತದೆ. ಆರಂಭದಲ್ಲಿ ಹೇಳಿದ ಪತ್ರವನ್ನು ಈಗ ಹೀಗೆ ಬರೆಯಬಹುದು:

“ಶ್ರೀ (ಹೆಸರು), ವಯಸ್ಸು (ಇಷ್ಟು), ಇವರು ನಮ್ಮ ಪಂಚಾಯತಿ ವ್ಯಾಪ್ತಿಯ (ಗ್ರಾಮ) ನಿವಾಸಿ. ಇವರು ಮೂಡಲಪಾಯ ಬಯಲಾಟ ಮೇಳದ ಹಿಮ್ಮೇಳದಲ್ಲಿ ಮುಖವೀಣೆ ಎಂಬ ಸುಷಿರ ವಾದ್ಯವನ್ನು (ಇಷ್ಟು) ವರ್ಷಗಳಿಂದ ನುಡಿಸುತ್ತಿದ್ದಾರೆ. ಈ ವಿದ್ಯೆಯನ್ನು (ಗುರುವಿನ ಹೆಸರು) ಅವರಿಂದ ಕಲಿತಿದ್ದಾರೆ. (ಪ್ರಸಂಗಗಳ ಹೆಸರು) ಪ್ರಸಂಗಗಳಲ್ಲಿ ನುಡಿಸಿದ್ದಾರೆ. ಇವರಿಂದ ಕಲಿತವರು (ಇಷ್ಟು) ಮಂದಿ. ಪ್ರದರ್ಶನದ ಭಾವಚಿತ್ರ ಮತ್ತು ಧ್ವನಿಮುದ್ರಿಕೆ ಲಗತ್ತಿಸಿದೆ.”

ಹೊಗಳಿಕೆಯ ಒಂದು ಪದವೂ ಈ ಪತ್ರದಲ್ಲಿಲ್ಲ. ಆದರೂ ಓದಿದವರಿಗೆ ವ್ಯಕ್ತಿ ಕಣ್ಣಮುಂದೆ ನಿಲ್ಲುತ್ತಾರೆ. “ಇವರಿಂದ ಕಲಿತವರು” ಎಂಬಲ್ಲಿ ಸೊನ್ನೆ ಬರೆಯಬೇಕಾಗಿ ಬಂದರೆ, ಆ ಸೊನ್ನೆಯೇ ಪಂಚಾಯತಿಯ ಮುಂದಿನ ಕಾರ್ಯಸೂಚಿ ಎಂದು ತಿಳಿಯಬೇಕು. ಶಾಲೆಯ ಮಕ್ಕಳಲ್ಲಿ ಆಸಕ್ತರನ್ನು ಗುರುತಿಸಿ ಅವರ ಬಳಿ ಕಳುಹಿಸುವುದಕ್ಕೆ ದೊಡ್ಡ ಅನುದಾನ ಬೇಕಿಲ್ಲ.

ಪ್ರತಿ ಗ್ರಾಮಕ್ಕೂ ಒಂದು ಕಲಾ ವಹಿಯನ್ನು ತೆರೆಯಲು ಸಲಹೆ ಮಾಡಲಾಗಿದೆ. ಅದರಲ್ಲಿ ಐದು ಅಂಕಣಗಳಿದ್ದರೆ ಸಾಕು: ಕಲೆಯ ಸ್ಥಳೀಯ ಹೆಸರು, ಮೇಲೆ ಹೇಳಿದ ನಾಲ್ಕು ವಿಭಾಗಗಳಲ್ಲಿ ಅದರ ಸ್ಥಾನ, ಕಲಾವಿದರು, ಬಳಸುವ ವಾದ್ಯ, ವೇಷ ಅಥವಾ ವಸ್ತು, ಕಲಿಯುತ್ತಿರುವವರು. ಸ್ಥಳೀಯ ಹೆಸರನ್ನು ತಿದ್ದದೆ, ಜನ ಹೇಳಿದಂತೆಯೇ ಮೊದಲ ಅಂಕಣದಲ್ಲಿ ಬರೆಯುವುದು. ಶಾಸ್ತ್ರದ ಪದ ಅದರ ಪಕ್ಕದಲ್ಲಿರಬೇಕೇ ಹೊರತು ಅದರ ಜಾಗದಲ್ಲಿ ಅಲ್ಲ.

6. ಸಭೆಯಲ್ಲಿ ಚರ್ಚಿಸಲು

(1) ನಿಮ್ಮ ವಾರ್ಡಿನಲ್ಲಿ ನುಡಿಸಲಾಗುವ ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ವಿಂಗಡಿಸಿರಿ. ಯಾವ ಗುಂಪಿನಲ್ಲಿ ಕಲಾವಿದರು ಅತಿ ಕಡಿಮೆ?
(2) ನಿಮ್ಮ ಊರಿನ ಒಂದು ಕುಣಿತವನ್ನು ಆಯ್ದು, ಅದರಲ್ಲಿ ನೃತ್ತ ಎಷ್ಟು, ನೃತ್ಯ ಎಷ್ಟು ಎಂದು ಹೇಳಿರಿ. ಅದು ಪ್ರದರ್ಶನವೋ ಆರಾಧನೆಯೋ?
(3) ಗ್ರಾಮದ ವೀರಗಲ್ಲು, ಮಾಸ್ತಿಕಲ್ಲು, ಭಿತ್ತಿಚಿತ್ರಗಳು ಎಲ್ಲಿವೆ? ಈ ವರ್ಷದ ಯಾವುದಾದರೂ ಕಾಮಗಾರಿಯಿಂದ ಅವುಗಳಿಗೆ ಧಕ್ಕೆಯಾಗುವ ಸಂಭವವಿದೆಯೇ?
(4) ಹಿಂದಿನ ಮೂರು ವರ್ಷಗಳಲ್ಲಿ ಪಂಚಾಯತಿ ನೀಡಿದ ಕಲಾವಿದರ ಪತ್ರಗಳನ್ನು ಹೊರತೆಗೆದು ಓದಿರಿ. ಕಲೆಯ ಹೆಸರನ್ನು ಸ್ಪಷ್ಟವಾಗಿ ಬರೆದವು ಎಷ್ಟು?
(5) ಊರಿನ ಅತಿ ಹಿರಿಯ ಕಲಾವಿದರು ಯಾರು? ಅವರ ಕಲೆಯನ್ನು ಯಾರಾದರೂ ಮುದ್ರಿಸಿಕೊಂಡಿದ್ದಾರೆಯೇ?

ಐದನೆಯ ಪ್ರಶ್ನೆಗೆ “ಇಲ್ಲ” ಎಂಬ ಉತ್ತರ ಬಂದಲ್ಲಿ, ಮುಂದಿನ ಸಾಮಾನ್ಯ ಸಭೆಯವರೆಗೆ ಕಾಯದೆ ಆ ವಾರದಲ್ಲಿಯೇ ಸದಸ್ಯರಿಬ್ಬರು ಅವರ ಮನೆಗೆ ಹೋಗಿಬರುವುದು ಒಳಿತು.